ಒಂದು ಲೋಟ ಸಿಮೆಂಟು

ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ
ಮೂರಡಿ ಉದ್ದದ ಒಂದು ಕಟ್ಟೆ.
ಅದರ ಮೇಲೆ ಒಡೆದ ಪಿಂಗಾಣಿ ಚೂರು ಹಚ್ಚುತ್ತಿದ್ದೇನೆ,
ಹೋದ ಕೈಲ್ ಮುಹೂರ್ತದಿಂದ.
ಯಾರಾದರೂ ಕೇಳಿದರೆ ‘ಆಗ್ತಾ ಇದೆ’ ಅನ್ನುತ್ತೇನೆ,
ಕುದುರದ ಸಂಬಂಧದ ಬಗ್ಗೆ ಹೇಳುವ ಹಾಗೆ.

ಮೂರು ಬಿಸ್ಕತ್ತಿನ ಡಬ್ಬಿಗಳಲ್ಲಿ
ಹದಿನಾಲ್ಕು ವರ್ಷದ ಒಡಕು.
ನೀಲಿ ಹೂವಿನದು ನನ್ನ ತವರಿನ ತಟ್ಟೆ,
ಬಂದ ವಾರವೇ ಕೈಜಾರಿತು. ಅತ್ತೆ ಏನೂ ಅನ್ನಲಿಲ್ಲ.
ಆ ಏನೂ ಅನ್ನದಿದ್ದದ್ದು ಇನ್ನೂ ಕಿವಿಯಲ್ಲಿದೆ.
ಚಿನ್ನದ ಅಂಚಿನವು ಇವರಿಗೆ ಹಾಕಿಯಲ್ಲಿ ಬಂದ ಟೀ ಸೆಟ್ಟಿನವು,
ಸೋತ ತಂಡಕ್ಕೆ ಕೊಟ್ಟದ್ದು; ಆರರಲ್ಲಿ ಒಂದೂ ಉಳಿದಿಲ್ಲ.
ಹಸಿರು ಚೂರೊಂದಿದೆ,
ಆ ಜಾಡಿ ಒಡೆದವರು ಯಾರೆಂದು
ಈ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಬಿಳಿ ಸಿಮೆಂಟು ಕೊಡುವಾಗ ಬೀರಾನ್ ಮೇಸ್ತ್ರಿ ಅಂದರು:
‘ಕಲಸಿದ ಮೇಲೆ ಅರ್ಧ ಗಂಟೆ, ಅಕ್ಕ.
ಅದು ಯಾರ ಮುಖವನ್ನೂ ನೋಡೋದಿಲ್ಲ.’

ಅರ್ಧ ಗಂಟೆ.
ಮನೆಯೆಲ್ಲ ಹುಡುಕಿದೆ.
ಐದೂಕಾಲಕ್ಕೆ ನೀರು ಬಿಡುತ್ತಾರೆ, ದಿನ ಬಿಟ್ಟು ದಿನ.
ರಾತ್ರಿಯ ಅನ್ನ ಹಿಟ್ಟಿಗೆ ನಾದಿ ಹದಿನಾರು ರೊಟ್ಟಿ.
ಏಳೂ ಇಪ್ಪತ್ತಕ್ಕೆ ಹುಡುಗಿಯ ವ್ಯಾನು, ಏಳೂ ನಲವತ್ತಕ್ಕೆ ಹುಡುಗನ ಬಸ್ಸು,
ಇಬ್ಬರನ್ನೂ ಒಂದೇ ಶಾಲೆಗೆ ಯಾಕೆ ಹಾಕಲಿಲ್ಲ ಅಂತ ಕೇಳಬೇಡಿ.
ಎಂಟಕ್ಕೆ ಅತ್ತೆಗೆ ಸೂಜಿ, ಎಂಟೂಕಾಲಕ್ಕೆ ತಿಂಡಿ.
ಆಮೇಲೆ ಅಂಗಳದಲ್ಲಿ ಕಾಫಿ ಹರಡಬೇಕು,
ಊಟದೊಳಗೆ ನಾಲ್ಕು ಸಲ ತಿರುವಿ ಹಾಕಬೇಕು,
ಮೋಡ ಕಂಡರೆ ಓಡಿಬಂದು ಟಾರ್ಪಲ್ ಎಳೆಯಬೇಕು.
ನಡುವೆ ಬಿಡುವು ಇಲ್ಲವೆಂದಲ್ಲ.
ಇದೆ, ಇಲ್ಲಿ ಏಳು ನಿಮಿಷ, ಅಲ್ಲಿ ಹನ್ನೊಂದು,
ಡಬ್ಬಿಯೊಳಗಿನ ಚೂರುಗಳ ಹಾಗೆ:
ಒಂದರ ಅಂಚು ಇನ್ನೊಂದಕ್ಕೆ ಕೂಡುವುದಿಲ್ಲ.

ಒಂದು ಶನಿವಾರ ಕರೆಂಟು ಹೋಯಿತು.
ಮಿಕ್ಸಿ ಸುಮ್ಮನಾಯಿತು, ಟೀವಿ ಸುಮ್ಮನಾಯಿತು, ಅತ್ತೆ ಮಲಗಿದರು.
ಸ್ಟೀಲಿನ ಲೋಟದಲ್ಲಿ ಕಲಸಿದೆ, ಗಟ್ಟಿ ಮೊಸರಿನ ಹದಕ್ಕೆ.
ಒಂದು ನೀಲಿ ಒತ್ತಿದೆ.
ಇನ್ನೊಂದು ಒತ್ತುವಾಗ ಗೇಟಿನಲ್ಲಿ ಗ್ಯಾಸಿನವನು.
ಅವನ ಹಿಂದೆಯೇ ಗರಗಂದೂರಿನ ಚಿಕ್ಕಮ್ಮ, ಮಗಳ ಮದುವೆಗೆ ಕರೆಯಲು.
‘ಊಟ ಮಾಡಿಕೊಂಡೇ ಹೋಗಿ’ ಅಂದಿತು ನನ್ನ ಬಾಯಿ, ತಾನಾಗಿ.
ಅವರು ಸರಿ ಅಂದುಬಿಟ್ಟರು.

ಸಂಜೆ ನೋಡಿದರೆ ಲೋಟವೆಲ್ಲ ಕಲ್ಲು.
ಚಮಚ ಅದರಲ್ಲಿ ನೆಟ್ಟಗೆ ನಿಂತಿತ್ತು, ಧ್ವಜವಿಲ್ಲದ ಕಂಬದಂತೆ.
ಒಳಗೆ ಪಾತ್ರೆ ಜೋಡಿಸುತ್ತ ಅತ್ತೆ,
‘ಒಂದು ಚಮಚ ಕಡಿಮೆ ಇದೆಯಲ್ಲ’ ಅಂದರು.
ನಾನು ಸ್ವಲ್ಪ ಹೊತ್ತು ಆ ಲೋಟ ಹಿಡಿದು ಕೂತೆ,
ಏನೋ ಕುಡಿಯುವವಳ ಹಾಗೆ.

ಮರುದಿನ ಭಾನುವಾರ, ಸುಂಟಿಕೊಪ್ಪದ ಸಂತೆ.
ಚೀಲ ಇವರ ಕೈಗೆ ಕೊಟ್ಟೆ. ಪಟ್ಟಿ ಕೊಡಲಿಲ್ಲ.
‘ಏನು ತರಬೇಕು?’
‘ಸಿಮೆಂಟು ಕಲಸಿದ್ದೇನೆ’ ಅಂದೆ.
ಇನ್ನೂ ಪ್ಯಾಕೆಟ್ಟೇ ಬಿಚ್ಚಿರಲಿಲ್ಲ.
‘ಅಮ್ಮಾ, ನನ್ನ ಸಾಕ್ಸ್?’ ಸಿಮೆಂಟು ಕಲಸಿದ್ದೇನೆ.
ಫೋನು ಬಡಿದುಕೊಂಡಿತು, ಬಡಿದುಕೊಂಡು ಸುಸ್ತಾಯಿತು.
ಎಂಥ ಮಾತು ಅದು! ‘ನನಗೆ ಸ್ವಲ್ಪ ಹೊತ್ತು ಬೇಕು’ ಅಂದಿದ್ದರೆ
ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.
ಸಿಮೆಂಟು ಎಲ್ಲರಿಗೂ ಅರ್ಥವಾಗುತ್ತದೆ.

ಅತ್ತೆ ಬಂದರು. ಬಕೆಟ್ಟು ಮಗುಚಿ ಹಾಕಿ ಕೂತರು.
ಡಬ್ಬಿಯೊಳಗೆ ಬೆರಳಾಡಿಸಿ
ಆ ಹಸಿರು ಚೂರನ್ನೇ ಆರಿಸಿ, ತಿರುಗಿಸಿ ನೋಡಿ,
ನನ್ನ ತವರಿನ ನೀಲಿಯ ಪಕ್ಕ ಒತ್ತಿದರು.
ಏನೂ ಅನ್ನಲಿಲ್ಲ.
ನಾನೂ ಕೇಳಲಿಲ್ಲ. ಸಿಮೆಂಟು ಆರುತ್ತಿತ್ತು.

ಕಟ್ಟೆ ಇನ್ನೂ ಮುಕ್ಕಾಲು ಬಾಕಿ.
ಇವರು ಸಂತೆಯಿಂದ ಮೂರು ಕಿಲೋ ಬೀನ್ಸು ತಂದರು, ಬೇರೇನೂ ಇಲ್ಲ.
ಗಟ್ಟಿಯಾದ ಲೋಟವನ್ನೂ ಒಂದು ಮೂಲೆಯಲ್ಲಿ ಕೂರಿಸಿದ್ದೇನೆ,
ಚಮಚದ ಸಮೇತ.
ಈ ಬೆಳಿಗ್ಗೆ ನೋಡಿದರೆ ಯಾರೋ ಅದರ ತುದಿಗೆ
ಒಂದು ಒದ್ದೆ ಸಾಕ್ಸ್ ನೇತುಹಾಕಿದ್ದಾರೆ.